ಫೈಬ್ರೊಮಯಾಲ್ಜಿಯಾ ನೋವಿಗೆ ಟಿಎಂಎಸ್‌ಗಿಂತ ನನಗೆ ಟಿಡಿಸಿಎಸ್ಸೇ ವಾಸಿ

ಫೈಬ್ರೊಮಯಾಲ್ಜಿಯಾ ಅಂದರೆ ಮೈಯೆಲ್ಲಾ ಬಹುಕಾಲ ಕಾಡೋ ನೋವಿನ ಕಾಯಿಲೆ. ಅದಕ್ಕೆ ತಲೆಯ ಹೊರಗಿನಿಂದಲೇ ಮಿದುಳನ್ನು ಪ್ರಚೋದಿಸೋ ಟಿಎಂಎಸ್, ಟಿಡಿಸಿಎಸ್ ಎರಡನ್ನೂ ಮಾಡಿಸಿ ನೋಡಿದ್ದೇನೆ. ನನ್ನ ವೋಟು ಟಿಡಿಸಿಎಸ್‌ಗೆ. ಅದಕ್ಕೆ ವಿಜ್ಞಾನಕ್ಕಿಂತ ತುಮಕೂರು–ಬೆಂಗಳೂರು ರೈಲೇ ಜಾಸ್ತಿ ಕಾರಣ.

ಟಿಎಂಎಸ್‌ನಲ್ಲಿ ತಲೆಗೆ ಕಾಯಿಲ್ (ತಂತಿ ಸುರುಳಿ) ಹಿಡಿದು ಆಯಸ್ಕಾಂತದ ಮಿಡಿತ ಕೊಡುತ್ತಾರೆ. ನನಗೆ ಕೊಟ್ಟಿದ್ದು ಎಡ ಮೋಟಾರ್ ಕಾರ್ಟೆಕ್ಸ್‌ಗೆ, ಸೆಕೆಂಡಿಗೆ 10 ಮಿಡಿತ. ಮಿದುಳಿನ ಆ ಭಾಗವೇ ಬಲಗೈ ಆಡಿಸೋದು. ಹಾಗಾಗಿ ಜಾಗ ಸರಿಯಾಗಿ ಸಿಕ್ಕಿದಾಗ ಬಲ ಹೆಬ್ಬೆರಳು ತಾನಾಗೇ ಚಿಮ್ಮುತ್ತದೆ. ನೋವು ಇಳಿಯಿತು, ನಿದ್ದೆಯೂ ಬಂತು. ಆದರೆ ವಾರಕ್ಕೆ 5 ದಿನ, ಹೋಗೋಕೆ ಸುಮಾರು 70 ಕಿಲೋಮೀಟರ್, ಬರೋಕೆ ಅಷ್ಟೇ. ಯಶವಂತಪುರದಲ್ಲಿ ನಿಂತುಕೊಂಡೇ ಹೊರಟರೆ, ಕ್ಯಾತ್ಸಂದ್ರ ದಾಟೋ ಹೊತ್ತಿಗೆ ಇಳಿದ ನೋವೂ ರೈಲು ಹತ್ತಿ ಬಂದಿರುತ್ತಿತ್ತು.

ಟಿಡಿಸಿಎಸ್‌ನಲ್ಲಿ ತಲೆಗೆ ಒದ್ದೆ ಸ್ಪಂಜು ಕಟ್ಟಿ ಅದರ ಮೂಲಕ ಸಣ್ಣ ಕರೆಂಟ್ ಹರಿಸೋದು. ಇದು ಮನೆಯಲ್ಲೇ ಆಗುತ್ತದೆ. 2 ಮಿಲಿಆಂಪ್, 20 ನಿಮಿಷ. ಡಾಕ್ಟರೇ ಅಳತೆ ಹಾಕಿ ಪಟ್ಟಿ ಕಟ್ಟೋದು ಕಲಿಸಿದರು.

ಗೋಳು ಅಂದರೆ ಸ್ಪಂಜು. ಅದನ್ನು ಸಲೈನ್‌ನಲ್ಲಿ ನೆನೆಸಿ ತಲೆಗೆ ಒತ್ತಿ ಕಟ್ಟಬೇಕು. ನಾನೋ, ಕೊಬ್ಬರಿ ಎಣ್ಣೆ ಇಲ್ಲದೆ ಇರೋಳಲ್ಲ. ಎಣ್ಣೆ ಇದ್ದರೆ ಕರೆಂಟ್ ಸರಿಯಾಗಿ ಹರಿಯಲ್ಲ, ಮಷಿನ್ ಕುಯ್ ಅಂತ ನಿಂತುಬಿಡುತ್ತದೆ. ಅಂದರೆ ಪ್ರತಿ ಸಲ ತಲೆಸ್ನಾನ, ಆಮೇಲೆ ಬೈತಲೆ ಬಿಡಿಸಿ ಬುಡಕ್ಕೆ ತಾಗೋ ಹಾಗೆ ಸ್ಪಂಜು ಕೂರಿಸೋ ಸರ್ಕಸ್. ಜಾಸ್ತಿ ನೆನೆದರೆ ಉಪ್ಪುನೀರು ಕಿವಿ ಹಿಂದೆ ಇಳಿದು ಬ್ಲೌಸ್ ಒದ್ದೆ. ಒಣಗಿದರೆ ಕೆಂಜಿಗ ಕಚ್ಚಿದ ಹಾಗೆ ಚುರುಚುರು.

ಸಲೈನ್ ಮುಗಿದರೆ ನಲ್ಲಿ ನೀರೇ ಸಾಕು ಅಂದುಕೊಳ್ಳಬೇಡಿ. ನಮ್ಮ ಕಡೆ ಬೋರ್‌ವೆಲ್ ನೀರಿನ ಗಡಸು ಬಕೆಟ್ ಮೇಲಿನ ಬಿಳಿ ಕಲೆ ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ನಲ್ಲಿ ನೀರಲ್ಲಿ ಸ್ಪಂಜು ನೆನೆಸಿ ಚರ್ಮ ಸುಟ್ಟುಕೊಂಡವರ ವರದಿಗಳಿವೆ. ಮೆಡಿಕಲ್‌ ಶಾಪಲ್ಲಿ ಸಿಗೋ 0.9% ಸಲೈನ್ ಬಾಟಲಿಯೇ ತನ್ನಿ.

ಎರಡರಲ್ಲಿ ಯಾವುದೂ ನೋವನ್ನು ಬುಡಸಮೇತ ಕೀಳಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಟಿಎಂಎಸ್‌ಗೆ ಒಪ್ಪಿಗೆ ಕೊಟ್ಟಿದ್ದೂ ಖಿನ್ನತೆಗೆ, ಈ ನೋವಿಗಲ್ಲ. ನೋವಿಗೆ ತಗೊಳ್ಳೋ ನನ್ನ ಪ್ರಿಗ್ಯಾಬಲಿನ್ ಮಾತ್ರೆ, ಸಂಜೆ ವಾಕಿಂಗ್ ಇನ್ನೂ ನಡೀತಿವೆ. ಮೂರ್ಛೆ ರೋಗ ಇರುವವರು, ತಲೆಯೊಳಗೆ ಲೋಹ ಅಥವಾ ಪೇಸ್‌ಮೇಕರ್ ಇರುವವರು ಡಾಕ್ಟರನ್ನು ಕೇಳದೆ ಎರಡರ ಹತ್ತಿರವೂ ಹೋಗಬೇಡಿ.

ಪರಿಣಾಮ ಒಂದನ್ನೇ ನೋಡಿದರೆ ನನ್ನ ಮೈಗೆ ಟಿಎಂಎಸ್ ಒಂದು ಕೈ ಮೇಲು. ಮನೆ ಬೆಂಗಳೂರಲ್ಲಿದ್ದು ಜೇಬೂ ಗಟ್ಟಿ ಇದ್ದರೆ ಅದನ್ನೇ ಮಾಡಿಸಿ. ನನಗೆ ಒಂದೇ ಸಲ ದುಡ್ಡು ಸುರಿದು ಮಷಿನ್ ತಂದಿದ್ದೇ ಅಗ್ಗವಾಯಿತು. ಎಣ್ಣೆ ಈಗ ಭಾನುವಾರಕ್ಕೆ ಮಾತ್ರ.