ಮೂರು ಸಿಮ್, ಒಂದು ಖಾನಾಪುರ ರಸ್ತೆ: ಪೋರ್ಟ್ ಮಾಡಿಸುವ ಮುಂಚೆ ಹಾಕಿ ನೋಡಿದ್ದು

ಯಾವ ಕಂಪನಿಯ ಸಿಮ್ ಚೆನ್ನಾಗಿದೆ ಅಂತ ಬೆಳಗಾವಿಯಲ್ಲಿ ಯಾರನ್ನೇ ಕೇಳಿ, ಒಂದೋ ತಮ್ಮ ಜೇಬಲ್ಲಿ ಇರೋದನ್ನು ಹೊಗಳುತ್ತಾರೆ, ಇಲ್ಲ ಅದನ್ನೇ ಬೈಯುತ್ತಾರೆ. ಎರಡರಿಂದಲೂ ನನಗೆ ಉಪಯೋಗ ಆಗಲಿಲ್ಲ. ನನ್ನದು ಪಂಪ್‌ಸೆಟ್ ರಿಪೇರಿ ಕೆಲಸ. ಮನೆ ಶಹಾಪುರದಲ್ಲಿ, ಗಿರಾಕಿಗಳು ಖಾನಾಪುರ, ನಂದಗಡ, ಜಾಂಬೋಟಿ ಕಡೆ. ಮೋಟರ್ ಸುಟ್ಟವನು ನನಗೆ ಒಂದು ಸಲ ಫೋನ್ ಮಾಡ್ತಾನೆ, ಹತ್ತದಿದ್ದರೆ ಇನ್ನೊಬ್ಬ ಮೆಕ್ಯಾನಿಕ್‌ಗೆ ಮಾಡ್ತಾನೆ, ಅಷ್ಟೇ. ಹಾಗಾಗಿ ಇರೋ ನಂಬರನ್ನು ಪೋರ್ಟ್ ಮಾಡಿಸೋಕೆ, ಅಂದ್ರೆ ನಂಬರ್ ಅದೇ ಇಟ್ಕೊಂಡು ಕಂಪನಿ ಬದಲಿಸೋಕೆ, ಮುಂಚೆ ಬೇರೆ ಎರಡು ಕಂಪನಿಯ ಸಿಮ್ ತಗೊಂಡು, ಸಣ್ಣ ಪ್ಯಾಕ್ ಹಾಕಿಸಿ, ಹಳೇದರ ಜೊತೆಗೇ ಇಟ್ಕೊಂಡು ಓಡಾಡಿದೆ.

ಕಂಪನಿಗಳ ಹೆಸರು ಹೇಳೋದಿಲ್ಲ. ನಮ್ಮ ಓಣಿಯಲ್ಲಿ ಸತ್ತ ಸಿಮ್ ಬಾಗಲಕೋಟೆಯ ನವನಗರದಲ್ಲಿ ಭರ್ಜರಿ ಓಡುತ್ತಿರಬಹುದು, ಸುಮ್ನೆ ಯಾಕೆ? ಹಳೇದು, ವೇಗದ್ದು, ನಿಧಾನದ್ದು ಅಂತ ಕರೀತೀನಿ.

ಮೊದಲು ರೇಂಜ್ ವಿಷಯ. ಫೋನಿನ ಮೇಲೆ ಕಾಣೋ ಕಡ್ಡಿಗಳನ್ನು ನಾನು ನಂಬೋದಿಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನೋದು ಒಂದೊಂದು ಫೋನಿನಲ್ಲಿ ಒಂದೊಂದು ಥರ. ಆಂಡ್ರಾಯ್ಡ್ ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ ಸಿಮ್ ಸ್ಟೇಟಸ್ ನೋಡಿ. ಅಲ್ಲಿ ಮೈನಸ್ ಚಿಹ್ನೆಯ ಒಂದು ಸಂಖ್ಯೆ ಇರುತ್ತದೆ. ಮೈನಸ್ 85ರ ಆಸುಪಾಸು ಇದ್ದರೆ ಒಳ್ಳೇದು. ಮೈನಸ್ 110 ದಾಟಿತು ಅಂದ್ರೆ ಮಾತು ಕತ್ತರಿಸೋಕೆ ಶುರು.

ನಮ್ಮದು ದಪ್ಪ ಕಲ್ಲಿನ ಗೋಡೆಯ ಹಳೆ ಮನೆ. ಪಡಸಾಲೆಯಲ್ಲಿ ವೇಗದ್ದು ಮೈನಸ್ 92 ತೋರಿಸುತ್ತಿತ್ತು, ಅಡುಗೆಮನೆಗೆ ಕಾಲಿಟ್ಟರೆ ಮೈನಸ್ 117. ಹಳೇದಕ್ಕೆ ಅಡುಗೆಮನೆಯಲ್ಲಿ ಜೀವವೇ ಇಲ್ಲ. ನಿಧಾನದ್ದು ಪಡಸಾಲೆಯಲ್ಲಿ ವೇಗದ್ದಕ್ಕಿಂತ ಸ್ವಲ್ಪ ಕಮ್ಮಿ, ಆದರೆ ಅಡುಗೆಮನೆಯಲ್ಲೂ 104ರ ಹತ್ತಿರ ನಿಲ್ಲುತ್ತಿತ್ತು. ಇದಕ್ಕೆ ಕಾರಣ ಇದೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್‌ಗಳು, ಅಂದ್ರೆ ಸಿಗ್ನಲ್ ಬರೋ ಕಡಿಮೆ ಆವರ್ತನದ ಅಲೆಗಳು, ದೂರ ಹೋಗುತ್ತವೆ, ಗೋಡೆಯನ್ನೂ ದಾಟುತ್ತವೆ. 2300, 3300ರಂಥ ಮೇಲಿನವು ವೇಗ ಕೊಡುತ್ತವೆ, ಗೋಡೆ ಅಡ್ಡ ಬಂದರೆ ಸುಸ್ತಾಗುತ್ತವೆ. ಜಾಹೀರಾತಿನಲ್ಲಿ ತೋರಿಸೋ 5ಜಿ ವೇಗ ನೋಡಿ ಸಿಮ್ ತಗೊಂಡವರು ಮನೆಯೊಳಗೆ ಕಿಟಕಿ ಹುಡುಕಿಕೊಂಡು ನಿಲ್ಲೋದು ಇದಕ್ಕೇ.

ವೇಗದಲ್ಲಿ ಮಾತ್ರ ವೇಗದ್ದನ್ನು ಮುಟ್ಟೋರಿಲ್ಲ. ಖಡೇಬಜಾರಿನ ಗದ್ದಲದ ಸಂಜೆಯಲ್ಲೂ ವಿಡಿಯೋ ನಿಲ್ಲದೆ ಓಡಿತು. ನಿಧಾನದ್ದರಲ್ಲಿ ಅದೇ ಜಾಗದಲ್ಲಿ ವಾಟ್ಸ್ಯಾಪ್‌ನ ಒಂದು ಫೋಟೋ ತೆರೆಯೋಕೆ ಗಾಲಿ ತಿರುಗುತ್ತಾ ಕೂತಿತ್ತು. ಮನೆಯಲ್ಲಿ ಕಾಲೇಜು ಹುಡುಗರು ಇದ್ದರೆ ನಿಧಾನದ್ದನ್ನು ತರಬೇಡಿ, ಜಗಳ ಗ್ಯಾರಂಟಿ.

ಖಾನಾಪುರ ದಾಟಿದ ಮೇಲೆ ಲೆಕ್ಕ ತಿರುಗಿತು. ನಂದಗಡದ ಆಚೆ ಗದ್ದೆಯ ನಡುವೆ ಬೋರ್‌ವೆಲ್ ಹತ್ತಿರ ನಿಂತು ಮೂರರಿಂದಲೂ ಮನೆಗೆ ಫೋನ್ ಮಾಡಿದೆ. ಹಳೇದು ಹತ್ತಲೇ ಇಲ್ಲ. ವೇಗದ್ದು ಹತ್ತಿತು, ಆದರೆ ಹೆಂಡತಿಗೆ ನನ್ನ ಮಾತು ಅರ್ಧರ್ಧ, "ಏನಂದ್ರಿ? ಏನಂದ್ರಿ?" ಅನ್ನೋದೇ ಆಯ್ತು. ನಿಧಾನದ್ದರಲ್ಲಿ ಹಿಂದೆ ಕುಕ್ಕರ್ ಸೀಟಿ ಹೊಡೆದಿದ್ದೂ ಕೇಳಿಸಿತು. ಜಾಂಬೋಟಿ ಕಡೆಯೂ ಹೆಚ್ಚುಕಮ್ಮಿ ಇದೇ ಕಥೆ. ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ ಮಾತ್ರ ಕಾಡಿನ ತಿರುವುಗಳಲ್ಲಿ ಮೂರೂ ಒಂದೇ ಜಾತಿ. ಅಲ್ಲಿಗೆ ಹೋಗೋ ದಿನ ಮನೆಯಲ್ಲಿ ಹೇಳಿಯೇ ಹೊರಡ್ತೀನಿ.

ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಎಲ್ಲಿ ಯಾವ ಸಿಗ್ನಲ್ ಇದೆ ಅನ್ನೋ ನಕ್ಷೆ ಹಾಕಬೇಕು ಅಂತ ಫೋನ್ ಕಂಪನಿಗಳನ್ನು ನಿಯಂತ್ರಿಸೋ ಸಂಸ್ಥೆ ಟ್ರಾಯ್ 2024ರಲ್ಲಿ ನಿಯಮ ತಂದಿದೆ. ನೋಡಿದೆ. ಊರು ಇದೆಯೋ ಇಲ್ಲವೋ ತಿಳಿಯೋಕೆ ಸಾಕು, ಅಡುಗೆಮನೆ ಅದರಲ್ಲಿ ಬರೋದಿಲ್ಲ.

ಇನ್ನು ಕಸ್ಟಮರ್ ಕೇರ್. ದೂರಿಗೆ 198 ಯಾವ ಕಂಪನಿಯ ಸಿಮ್‌ನಿಂದಲೂ ಹತ್ತುತ್ತದೆ, ದುಡ್ಡಿಲ್ಲ. ದೂರು ಕೊಟ್ಟಾಗ ಡಾಕೆಟ್ ನಂಬರ್, ಅಂದ್ರೆ ಆ ದೂರಿನ ನೋಂದಣಿ ಸಂಖ್ಯೆ, ಕೇಳಿ ಬರ್ಕೊಳ್ಳಿ. ಅದಿಲ್ಲದೆ ಮುಂದೆ ಅವರ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗೋಕೆ ಆಗೋದಿಲ್ಲ. ಹಳೇ ಕಂಪನಿಯವರು ನನ್ನ ದೂರು ತಗೊಂಡರು, ನಯವಾಗಿ ಮಾತಾಡಿದರು, "ಟವರ್ ಕೆಲಸ ನಡೀತಾ ಇದೆ ಸರ್" ಅಂದರು. ಸ್ವಲ್ಪ ದಿನಕ್ಕೆ "ನಿಮ್ಮ ಸಮಸ್ಯೆ ಪರಿಹಾರವಾಗಿದೆ" ಅಂತ ಮೆಸೇಜ್. ಆ ಮೆಸೇಜ್ ನನಗೆ ಸಿಕ್ಕಿದ್ದು ಹಾಲು ತರೋಕೆ ಬೀದಿಗೆ ಹೋದಾಗ, ಮನೆಯೊಳಗೆ ಅದೂ ಬರಲಿಲ್ಲ!

ವೇಗದ್ದರಲ್ಲಿ ಮನುಷ್ಯರ ಧ್ವನಿ ಕೇಳೋದೇ ಕಷ್ಟ. ಆ್ಯಪ್‌ನಲ್ಲಿ ಚಾಟ್ ಇದೆ, ರೋಬೋಟ್ ಉತ್ತರ ಕೊಡುತ್ತೆ, ಏನು ಕೇಳಿದರೂ ಫೋನ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತೆ. ರೀಚಾರ್ಜ್, ಬಿಲ್, ಪ್ಯಾಕ್ ಬದಲಾವಣೆಗೆ ಆ ಆ್ಯಪ್ ಚಕಚಕ ಕೆಲಸ ಮಾಡುತ್ತೆ, ಅದನ್ನು ಒಪ್ಪಬೇಕು.

ನಿಧಾನದ್ದರ ಫೋನ್ ಲೈನ್ ಹತ್ತೋದು ತಡ. ಬೇಜಾರಾಗಿ ಅವರ ಅಂಗಡಿಗೇ ಹೋದೆ. ನಂದಗಡದ ಕಡೆ ಒಮ್ಮೊಮ್ಮೆ ಮಧ್ಯಾಹ್ನ ಪೂರ್ತಿ ರೇಂಜ್ ಹೋಗುತ್ತಲ್ಲ, ಯಾಕೆ ಅಂತ ಕೇಳಿದೆ. ಕೌಂಟರ್‌ನಲ್ಲಿದ್ದ ಅಕ್ಕಾರು ಊರಿನ ಹೆಸರು ಕೇಳಿ, ಕಂಪ್ಯೂಟರ್ ನೋಡಿ, "ಅಣ್ಣಾರ, ಅಲ್ಲಿ ಟವರಿನ ಬ್ಯಾಟರಿ ಹಳೇದೈತ್ರಿ. ಕರೆಂಟ್ ಭಾಳ ಹೊತ್ತು ಹೋದ್ರ ಟವರೂ ಹೋಗತೈತಿ. ಬ್ಯಾಟರಿ ಯಾವಾಗ ಬರತೈತಿ ನನಗೂ ಗೊತ್ತಿಲ್ರಿ" ಅಂದರು. ಸಮಸ್ಯೆ ಬಗೆಹರಿಯಲಿಲ್ಲ. ಆದರೆ ಆ ಕಡೆ ಕರೆಂಟ್ ಹೋಗೋ ಹೊತ್ತು ಪಂಪಿನವನಾದ ನನಗೆ ಗೊತ್ತಿರುತ್ತೆ, ಆ ಹೊತ್ತಿಗೆ ಬೇರೆ ಸಿಮ್ ಬಳಸಿದರಾಯ್ತು. ನನ್ನ ಮಟ್ಟಿಗೆ ಆ ಒಂದು ಮಾತು ಹಳೇ ಕಂಪನಿಯ ಎಲ್ಲ ಮೆಸೇಜ್‌ಗಿಂತ ಜಾಸ್ತಿ ತೂಕದ್ದು.

ನಂಬರನ್ನು ನಿಧಾನದ್ದಕ್ಕೇ ಪೋರ್ಟ್ ಮಾಡಿಸಿದೆ. 2011ರಿಂದ ದೇಶಕ್ಕೆಲ್ಲ ಇರೋ ಸೌಲಭ್ಯ ಇದು, ಕಷ್ಟ ಏನಿಲ್ಲ. ಇಂಗ್ಲಿಷ್‌ನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. 8 ಅಕ್ಷರದ ಕೋಡ್ ಬರುತ್ತೆ. ನಮ್ಮಲ್ಲಿ ಅದು 4 ದಿನ ಮಾತ್ರ ನಡೆಯುತ್ತೆ, ಹಾಗಾಗಿ ಅಂಗಡಿಗೆ ಹೋಗೋ ದಿನವೇ ತಗೊಳ್ಳಿ, ಆಧಾರ್ ಜೊತೆಗಿರಲಿ. ರಾಜ್ಯದೊಳಗೇ ಆದರೆ 3 ಕೆಲಸದ ದಿನಗಳಲ್ಲಿ ಆಗಬೇಕು. ಈಗಿರೋ ಕಂಪನಿಯಲ್ಲಿ 90 ದಿನ ತುಂಬಿರಬೇಕು, ಪೋಸ್ಟ್‌ಪೇಯ್ಡ್ ಆದರೆ ಬಾಕಿ ಇರಬಾರದು. ಸಿಮ್ ಕಳೆದು ಹೊಸದು ಹಾಕಿಸಿದ್ದರೆ 7 ದಿನ ಕೋಡ್ ಸಿಗೋದಿಲ್ಲ, 2024ರ ಜುಲೈಯಿಂದ ಈ ನಿಯಮ. ಪ್ರೀಪೇಯ್ಡ್‌ನಲ್ಲಿ ಉಳಿದ ಬ್ಯಾಲೆನ್ಸ್ ಹೊಸ ಕಡೆ ಬರೋದಿಲ್ಲ, ಖರ್ಚು ಮಾಡಿಯೇ ಹೊರಡಿ. ಕೋಡ್ ಕೇಳಿದ ಮೇಲೆ ಹಳೇ ಕಂಪನಿಯಿಂದ ಫೋನ್ ಬಂತು, ಅಷ್ಟು ದಿನ ಇಲ್ಲದ ಆಫರ್ ಎಲ್ಲ ಹೇಳಿದರು. ಆಫರ್ ಬೇಡ್ರಿ, ಅಡುಗೆಮನೆಗೆ ರೇಂಜ್ ಕೊಡಿ ಅಂದೆ. ನಕ್ಕು ಇಟ್ಟುಬಿಟ್ಟರು.

ವೇಗದ್ದು ಎರಡನೇ ಸ್ಲಾಟ್‌ನಲ್ಲಿದೆ, ಇಂಟರ್ನೆಟ್‌ಗೆ. ನಂದಗಡದಲ್ಲಿರೋ ಅವ್ವನ ಕೀಪ್ಯಾಡ್ ಫೋನಿಗೂ ನಿಧಾನದ್ದೇ ಹಾಕಿಸಿ, ಡೇಟಾ ಇಲ್ಲದ ಪ್ಯಾಕ್ ಹಾಕಿಸಿದೆ. ಕಾಲ್ ಮತ್ತು ಎಸ್ಸೆಮ್ಮೆಸ್ ಮಾತ್ರ ಇರೋ ಪ್ಯಾಕ್ ಬೇರೆ ಇಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ, ಅಂಗಡಿಯವರು ತಾವಾಗಿ ಹೇಳೋದಿಲ್ಲ, ಕೇಳಿ ತಗೊಳ್ಳಿ. ಈಗ ಬೈಲಹೊಂಗಲದ ಕಡೆ ಹೊಸ ಗಿರಾಕಿಗಳು ಸಿಕ್ಕಿದ್ದಾರೆ. ಆ ಭಾಗದವರು ಯಾರಾದರೂ ಇದ್ದರೆ ಅಲ್ಲಿ ಯಾವುದು ಹತ್ತುತ್ತೆ ಹೇಳಿ, ಬಸ್‌ಸ್ಟ್ಯಾಂಡಿನದ್ದಲ್ಲ, ಹೊಲದ್ದು.