ಸರ ಹೋದದ್ದು ಮಂಗಳೂರಲ್ಲಿ, ದೂರು ಮಂಜೇಶ್ವರದಲ್ಲಿ ಕೊಡಬಹುದಾ?

ನೀವು ಕೇರಳದ ಗಡಿಯೂರು ಮಂಜೇಶ್ವರದವರು. ಮಂಗಳೂರಿನಲ್ಲಿ ಬೈಕಿನವರು ಸರ ಕಿತ್ತುಕೊಂಡು ಹೋದರು ಅಂದುಕೊಳ್ಳಿ. 1860ರ ದಂಡ ಸಂಹಿತೆಯ ಮೂಲದಲ್ಲಿ ಸರ ಕೀಳುವುದಕ್ಕೆ ಬೇರೆ ಕಲಮೇ ಇರಲಿಲ್ಲ. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆಂದೇ 304ನೇ ಕಲಮು ಇದೆ. ಮೂರು ವರ್ಷದವರೆಗೆ ಜೈಲು.

ದೂರು ಎಲ್ಲಿ ಕೊಡುವುದು? ಮಂಗಳೂರಿನಲ್ಲೇ ಇದ್ದರೆ ಅಲ್ಲಿನ ಠಾಣೆಗೇ ಹೋಗಿ. ತನಿಖೆ ನಡೆಯುವುದು ಅಲ್ಲೇ, ಸಿಸಿಟಿವಿ ನೋಡುವವರೂ ಅವರೇ. ಕನ್ನಡದಲ್ಲೇ ಮಾತಾಡಬಹುದು.

ತಲಪಾಡಿ ಗಡಿ ದಾಟಿ ಮನೆಗೆ ಬಂದಾಗಿದ್ದರೆ ಊರಿನ ಠಾಣೆಯೂ ಸಾಕು. ಇದಕ್ಕೆ ಝೀರೋ ಎಫ್‌ಐಆರ್ ಅಂತಾರೆ. ಮೊದಲು ಸರ್ಕಾರದ ಸುತ್ತೋಲೆಗಳಲ್ಲಿದ್ದ ಈ ಪದ್ಧತಿ ಈಗ ದೂರು, ತನಿಖೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ಅಪರಾಧ ಎಲ್ಲೇ ನಡೆದಿರಲಿ, ‘ನಮ್ಮ ವ್ಯಾಪ್ತಿಯಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ಗಡಿಯಲ್ಲಿ ಬದುಕುವ ನಮಗೆ ಇದು ದೊಡ್ಡ ಸಮಾಧಾನ, ಅಲ್ವಾ? ಆದರೆ ಬರೆದದ್ದನ್ನು ನಿಮಗೆ ಓದಿ ಹೇಳಲೇಬೇಕು. ಮಲಯಾಳಂ ಅರ್ಥವಾಗದಿದ್ದರೆ ಸುಮ್ನೆ ಸಹಿ ಹಾಕಬೇಡಿ. ಕನ್ನಡದಲ್ಲಿ ವಿವರಿಸಿ ಅಂತ ಕೇಳಿ. ಎಫ್‌ಐಆರ್ ಪ್ರತಿ ಉಚಿತ, ಅದನ್ನೂ ಬಿಡಬೇಡಿ.

ಆನ್‌ಲೈನ್ ದೂರೂ ನಡೆಯುತ್ತದೆ. ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ವಯಸ್ಸಾದವರಿಗೆ ಇದಕ್ಕಿಂತ ಹತ್ತಿರದ ಠಾಣೆಯೇ ಒಳ್ಳೆಯದು ಎನ್ನುತ್ತೇನೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರೆದು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.