ಹೊಸ ವೆಬ್‌ಸೈಟ್ ಮಾಡಿಸ್ತಿದ್ದೀರಾ? ಕೊನೇ ಕಂತು ಕೊಡುವ ಮೊದಲು ಮೆನು ಒತ್ತಿ ನೋಡಿ

ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಹೋಲ್‌ಸೇಲ್ ಮಾರುವ ವ್ಯಾಪಾರ. ನಮ್ಮ ಲೈನಿನಲ್ಲಿ ಈಗ ಸುಮಾರು ಜನ ವೆಬ್‌ಸೈಟ್ ಮಾಡಿಸುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮಗೆ ಮಾಡಿಕೊಟ್ಟ ಕಂಪನಿಯ ಹೆಸರು ಹೇಳಲ್ಲ. ಹೀಗೆ ಮಾಡುವವರು ಅವರೊಬ್ಬರೇ ಅಲ್ಲ.

ಹಳೇ ಸೈಟ್ ತೀರಾ ಸಾದಾ ಇತ್ತು. ಮೇಲೆ ಸಾಲಾಗಿ ಜೀನ್ಸ್, ಕಾಟನ್ ಪ್ಯಾಂಟ್, ಮಕ್ಕಳ ಮಾಲು, ಆರ್ಡರ್ ಹೇಗೆ, ವಿಳಾಸ. ಅಷ್ಟೇ. ಚೆಂದ ಇರಲಿಲ್ಲ ನಿಜ, ಆದರೆ ಗೂಗಲ್‌ನಲ್ಲಿ ಹುಡುಕಿ ಬಂದ ಪಾರ್ಟಿಗಳು, ಅಂದರೆ ಹೋಲ್‌ಸೇಲ್ ಮಾಲು ಕೊಳ್ಳುವ ಅಂಗಡಿಯವರು, ಫೋನ್ ಮಾಡುತ್ತಿದ್ದರು. ಈ ಕಂಪನಿಯವರು ಬಂದು "ಸರ್, ಬ್ರ್ಯಾಂಡ್ ಲುಕ್ ಬೇಕು" ಎಂದು ಶುರು ಮಾಡಿದರು. ಅಂಗಡಿಯಲ್ಲೇ ಕೂತು ದೊಡ್ಡ ಲ್ಯಾಪ್‌ಟಾಪಿನಲ್ಲಿ ಡೆಮೊ ತೋರಿಸಿದರು. ಮೌಸ್ ತಾಗಿದರೆ ಸಾಕು, ಮೆನು ತಾನೇ ಕೆಳಗಿಳಿಯುತ್ತೆ. ಅದರ ಪಕ್ಕ ಇನ್ನೊಂದು ಬಿಚ್ಚಿಕೊಳ್ಳುತ್ತೆ, ಅದರ ಪಕ್ಕ ಮತ್ತೊಂದು. ನೋಡಿದವರೆಲ್ಲ ಭಾರೀ ಐತಿ ಅಂದರು.

ಸೈಟ್ ಲೈವ್ ಆದ ಮೇಲೆ ಸೊಲ್ಲಾಪುರದ ಹಳೇ ಪಾರ್ಟಿಯೊಬ್ಬರು ಫೋನ್ ಮಾಡಿದರು. "ಏನ್ರೀ ಸಾವ್ಕಾರ್ರ, ಮಾಲ ಎಲ್ಲಿಟ್ಟೀರಿ? ಒತ್ತಿದ್ರ ತೆರೀತೈತಿ, ಎರಡನೇದು ಒತ್ತೂದ್ರಾಗ ಮುಚ್ಚಿಕೊಂತೈತಿ!"

ಫೋನಿನಲ್ಲಿ ಮೌಸ್ ಎಲ್ಲಿಂದ ಬರಬೇಕು? ಮೌಸ್ ತಾಗಿದರೆ ತೆರೆಯುವ ಮೆನು ಬೆರಳಿಗೆ ಸರಿಯಾಗಿ ಸಿಗಲ್ಲ, ಅದಕ್ಕೆ ಬೇರೆಯಾಗಿ ಬರೆಯಬೇಕು. ನಮ್ಮ ಪಾರ್ಟಿಗಳು ಕಂಪ್ಯೂಟರ್ ಮುಂದೆ ಕೂರುವವರಲ್ಲ. ಗಲ್ಲಾ ಮೇಲೆ ಕೂತು, ಗಿರಾಕಿ ಇಲ್ಲದ ಹೊತ್ತಲ್ಲಿ, ಒಂದೇ ಕೈಯಲ್ಲಿ ಫೋನ್ ಹಿಡಿದು ನೋಡುವವರು.

ಮೆನುವಿನ ಹೆಸರುಗಳದ್ದು ಇನ್ನೊಂದು ಕಥೆ. ಎಕ್ಸ್‌ಪ್ಲೋರ್, ಅವರ್ ಜರ್ನಿ, ಕನೆಕ್ಟ್. ಎಕ್ಸ್‌ಪ್ಲೋರ್ ಒಳಗೆ ಮೆನ್, ಅದರೊಳಗೆ ಸೀಸನ್, ಅದರೊಳಗೆ ವಾಶ್, ಅದರೊಳಗೆ ಫಿಟ್, ಆಮೇಲೆ ಪ್ಯಾಂಟು! ಸೀಸನ್‌ನಲ್ಲಿ ಆಟಮ್-ವಿಂಟರ್ ಬೇರೆ. ಬಳ್ಳಾರಿ ಬಿಸಿಲಿಗೆ ಆಟಮ್ ಅಂತೆ. ಹೋಲ್‌ಸೇಲ್‌ನಲ್ಲಿ ಪಾರ್ಟಿ ಮೊದಲು ಕೇಳುವುದೇ ಬೇರೆ: ಸೆಟ್ ಸೊಂಟದ ಸೈಜ್ 28ರಿಂದ 34ರದಾ, 30ರಿಂದ 36ರದಾ? ಮಿನಿಮಮ್ ಎಷ್ಟು ಪೀಸ್? ಯಾವ ಟ್ರಾನ್ಸ್‌ಪೋರ್ಟ್‌ಗೆ ಹಾಕ್ತೀರಿ? ಇದಿಷ್ಟೂ ಪುಟದ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ಬಿದ್ದಿತ್ತು. ಅಂಗಡಿಯ ಓಡುವ ಮಾಲನ್ನು ಅಟ್ಟಕ್ಕೆ ಏರಿಸಿ, ಕೌಂಟರ್ ಮೇಲೆ ಹೂಕುಂಡ ಇಟ್ಟ ಹಾಗೆ.

ಇವನ್ನು ಮೇಲೆ ತನ್ನಿ ಎಂದರೆ, "ಮನುಷ್ಯನಿಗೆ ಏಳಕ್ಕಿಂತ ಜಾಸ್ತಿ ನೆನಪಿರಲ್ಲ ಸರ್, ಮೆನು ಜಾಸ್ತಿ ಮಾಡಬಾರದು" ಎಂಬ ಉತ್ತರ. ಈ ಏಳರ ಮಾತು ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ 1956ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು. ಅದು ತಕ್ಷಣದ ನೆನಪಿನ ಬಗ್ಗೆ. ಮೆನು ಕಣ್ಣೆದುರೇ ಇರುತ್ತೆ, ಅದನ್ನು ಯಾರು ಬಾಯಿಪಾಠ ಮಾಡ್ತಾರೆ? ಈ ಮಾತು ನಿಮಗೂ ಹೇಳಿದರೆ ಸುಮ್ನೆ ತಲೆ ಅಲ್ಲಾಡಿಸಬೇಡಿ.

ನಿಜವಾದ ಪೆಟ್ಟು ಬಿದ್ದದ್ದು ಗೂಗಲ್‌ನಲ್ಲಿ. ಹಳೇ ಪುಟಗಳ ವಿಳಾಸವನ್ನೆಲ್ಲ ಬದಲಾಯಿಸಿಬಿಟ್ಟಿದ್ದರು. ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಲು 301 ರೀಡೈರೆಕ್ಟ್ ಅಂತ ಹಾಕಬೇಕು, ಅದನ್ನು ಹಾಕಿರಲಿಲ್ಲ. ಪಾರ್ಟಿಗಳು ವಾಟ್ಸಾಪ್‌ನಲ್ಲಿ ಇಟ್ಟುಕೊಂಡಿದ್ದ ನಮ್ಮ ಲಿಂಕ್‌ಗಳೆಲ್ಲ 404, ಅಂದರೆ ಪುಟವೇ ಸಿಗಲಿಲ್ಲ ಎಂಬ ಉತ್ತರ. ಊರಿನ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ಕ್ಕೆ Bellaryಯಿಂದ Ballariಗೆ ಬದಲಾಯಿತು, ಆದರೆ ಹೊರಗಿನ ಎಷ್ಟೋ ಜನ ಇನ್ನೂ ಹಳೇ ಸ್ಪೆಲಿಂಗ್ ಹಾಕಿಯೇ ಜೀನ್ಸ್ ಹುಡುಕುತ್ತಾರೆ. ಆ ಹಳೇ ಸ್ಪೆಲಿಂಗ್ ಇದ್ದ ಪುಟವೂ ಹೋಯಿತು.

ಹೊಸ ಪುಟಗಳಾದರೂ ಗೂಗಲ್‌ಗೆ ಸಿಗಬೇಕಲ್ವಾ? ಅದೂ ಇಲ್ಲ. ಮೆನುವಿನಲ್ಲಿದ್ದವು ನಿಜವಾದ ಲಿಂಕ್‌ಗಳೇ ಅಲ್ಲ, ಒತ್ತಿದಾಗ ಸ್ಕ್ರಿಪ್ಟ್ ಓಡಿ ಪುಟ ತೆರೆಯುವಂಥವು. ಗೂಗಲ್ ಪುಟದಿಂದ ಪುಟಕ್ಕೆ ಹೋಗುವುದು ಎಚ್‌ರೆಫ್ (ಯಾವ ಪುಟಕ್ಕೆ ಹೋಗಬೇಕು ಎಂಬ ವಿಳಾಸ) ಇರುವ ಲಿಂಕ್ ಹಿಡಿದುಕೊಂಡು. ಬಟನ್ ಒತ್ತಿ ನೋಡುತ್ತಾ ಕೂರಲ್ಲ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಫೋನಿನಲ್ಲಿ ಮೆನುವಿನ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹೊಸ ಟ್ಯಾಬ್‌ನಲ್ಲಿ ತೆರೆಯಲಾ ಎಂಬ ಆಯ್ಕೆ ಬಂದರೆ ಅದು ನಿಜವಾದ ಲಿಂಕ್. ಏನೂ ಬರದಿದ್ದರೆ ಮಾಡಿದವರನ್ನು ಕೂರಿಸಿ ಕೇಳಿ. ಗೂಗಲ್ ಈಗ ನೋಡುವುದೂ ಮೊಬೈಲ್ ರೂಪವನ್ನೇ, ಹಾಗಾಗಿ ಲ್ಯಾಪ್‌ಟಾಪ್ ಡೆಮೊ ನೋಡಿ ಒಪ್ಪಬೇಡಿ.

ಆಮೇಲೆ ಊರಿನ ಹುಡುಗನೊಬ್ಬನಿಂದ ಸರಿ ಮಾಡಿಸಿದೆವು. ಅವನು ಮೊದಲು ಕಂಪ್ಯೂಟರ್ ಮುಟ್ಟಲೇ ಇಲ್ಲ. ಪಾರ್ಟಿಗಳು ಫೋನಿನಲ್ಲಿ ಕೇಳುವುದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆಸಿ, ಮಾಲು ಕಟ್ಟುವ ಹುಡುಗರಿಗೂ ಅಂಗಡಿಗೆ ಬಂದ ಪಾರ್ಟಿಗಳಿಗೂ ಕೊಟ್ಟು ಗುಂಪು ಮಾಡಿಸಿದ. ಕಾರ್ಡ್ ಸಾರ್ಟಿಂಗ್ ಅಂತಾರಂತೆ. ಅವರು ಮಾಡಿದ ಗುಂಪೇ ಈಗ ಮೆನು: ಜೀನ್ಸ್, ಕಾಟನ್, ಮಕ್ಕಳ ಮಾಲು, ಸೈಜ್ ಸೆಟ್ ಮತ್ತು ಮಿನಿಮಮ್, ಟ್ರಾನ್ಸ್‌ಪೋರ್ಟ್, ವಿಳಾಸ. ಎಲ್ಲಾ ಒಂದೇ ಹಂತ, ಒಳಗೊಳಗೆ ಏನಿಲ್ಲ. ಫೋನಿನಲ್ಲಿ ಒತ್ತಿದರೆ ಮೆನು ತೆರೆಯುವ ಮೂರು ಗೆರೆಯ ಗುರುತು ಇದೆ, ಆದರೆ ಜೀನ್ಸ್ ಮತ್ತು ಕರೆ ಮಾಡುವ ಬಟನ್ ಅದರ ಹೊರಗೇ ಇವೆ.

ರೀಡೈರೆಕ್ಟ್ ಹಾಕಿಕೊಡಿ ಎಂದಾಗ ಕಂಪನಿಯವರು "ಅದು ಕೊಟೇಶನ್‌ನಲ್ಲಿ ಇಲ್ಲ ಸರ್, ಎಕ್ಸ್‌ಟ್ರಾ ಆಗುತ್ತೆ" ಎಂದರು. ಹಾಗಾಗಿ ಕೊಟೇಶನ್‌ನಲ್ಲೇ ಬರೆಸಿ: ಹಳೇ ಪುಟಗಳ ಪಟ್ಟಿ, ಪ್ರತಿಯೊಂದಕ್ಕೂ ರೀಡೈರೆಕ್ಟ್, ಡೊಮೇನ್ (ಸೈಟಿನ ಹೆಸರು) ಮತ್ತು ಹೋಸ್ಟಿಂಗ್ (ಸೈಟ್ ಇಡುವ ಜಾಗ) ನಿಮ್ಮ ಹೆಸರಿನಲ್ಲಿ. ನಮ್ಮ ಡೊಮೇನಿನ ಪಾಸ್‌ವರ್ಡ್ ವಾಪಸ್ ಬರಲು ಪಟ್ಟ ಪಾಡು ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.